ಬಿಸ್ಕತ್ತು, ಪಫ್ಸ್ ಮಾಡಲು ಯಾವ ಲಟ್ಟಣಿಗೆ ತಗೊಳ್ಳಲಿ? ಚಪಾತಿಯದೇ ಸಾಕಾ?

ಒಲೆಮುಂದೆ:

ಎಲ್ಲರಿಗೂ ನಮಸ್ಕಾರ. ಮನೆಗೆ ಓಟಿಜಿ ಬಂದ ಮೇಲೆ ಮೊದಮೊದಲು ಬರೀ ಕೇಕ್ ಮಾಡುತ್ತಿದ್ದೆ, ಈಗ ಖಾರ ಬಿಸ್ಕತ್ತಿನ ಹಿಂದೆ ಬಿದ್ದಿದ್ದೇನೆ. ಮೈದಾ, ಬೆಣ್ಣೆ, ಸ್ವಲ್ಪ ಮೊಸರು, ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ. ಅಯ್ಯಂಗಾರ್ ಬೇಕರಿ ರುಚಿಗೆ ಹತ್ತಿರ ಹತ್ತಿರ ಬಂದಿದೆ. ತೊಂದರೆ ಇರುವುದು ಲಟ್ಟಿಸುವುದರಲ್ಲಿ. ನಮ್ಮ ಮನೆಯದು ಚಪಾತಿ ಲಟ್ಟಣಿಗೆ, ಒಂದು ಅಡಿ ಉದ್ದ, ನಡುವೆ ಉಬ್ಬಿಕೊಂಡು ತುದಿಗೆ ಹೋಗುತ್ತಾ ಸಣ್ಣಗಾಗುತ್ತದೆ. ಚಪಾತಿಗೆ ಅದರಷ್ಟು ಚೆನ್ನಾಗಿರುವುದು ಬೇರೆ ಸಿಕ್ಕಿಲ್ಲ. ಆದರೆ ಬಿಸ್ಕತ್ತಿನ ಹಿಟ್ಟನ್ನು ಅಗಲವಾಗಿ ಲಟ್ಟಿಸಿದರೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಒಂದೇ ಟ್ರೇಯಲ್ಲಿ ಕೆಲವು ಬಿಸ್ಕತ್ತಿನ ಅಂಚು ಕಪ್ಪಾಗಿರುತ್ತದೆ, ಪಕ್ಕದ್ದರ ನಡುಭಾಗ ಇನ್ನೂ ಮೆತ್ತಗೇ ಇರುತ್ತದೆ.

ಆನ್‌ಲೈನ್‌ನಲ್ಲಿ ನೋಡಿದರೆ ಮಾರ್ಬಲ್, ಸ್ಟೀಲ್, ಸಿಲಿಕೋನ್, ಹಿಡಿ ಇರುವುದು, ಹಿಡಿ ಇಲ್ಲದ್ದು, ತುದಿಗೆ ಬಣ್ಣದ ಬಳೆ ಸಿಕ್ಕಿಸಿರುವುದು, ಏನೇನೋ ಇದೆ. ಮುಂದೆ ಪಫ್ಸ್ ಮಾಡುವ ಆಸೆಯೂ ಇದೆ. ನಮ್ಮದು ಚಿಕ್ಕ ಅಡುಗೆಮನೆ, ಹಾಗಾಗಿ ಒಂದೇ ಒಂದು ತಗೊಳ್ಳುವುದು. ಬಳಸಿದವರು ಹೇಳಿ ಪ್ಲೀಸ್.

ಧಾರವಾಡದ ಸೊಸೆ:

ನಿಮ್ಮ ಲಟ್ಟಣಿಗೆಯ ಆಕಾರವೇ ಕಾರಣ. ನಡುವೆ ಉಬ್ಬಿರುವುದು ಚಪಾತಿಗೆ ಬೇಕೇ ಬೇಕು, ಯಾಕೆಂದರೆ ಒತ್ತಡ ಒಂದೇ ಕಡೆ ಬಿದ್ದು ಚಪಾತಿ ಮಣೆಯ ಮೇಲೆ ತಾನಾಗಿ ತಿರುಗುತ್ತದೆ, ತಿರುಗುತ್ತಾ ಹೋದ ಹಾಗೆ ಎಲ್ಲಾ ಕಡೆ ಸಮ ಆಗುತ್ತದೆ. ಬಿಸ್ಕತ್ತಿನ ಹಿಟ್ಟು ತಿರುಗುವುದಿಲ್ಲ. ಬೆಣ್ಣೆ ಜಾಸ್ತಿ ಇರುತ್ತದೆ, ಬಿದ್ದಲ್ಲೇ ಅಂಟಿಕೊಂಡು ಕೂರುತ್ತದೆ. ಆಗ ಉಬ್ಬಿದ ಭಾಗ ಉರುಳಿದ ದಾರಿಯಲ್ಲೆಲ್ಲಾ ಹಳ್ಳ ಬೀಳುತ್ತದೆ.

ನಿಮಗೆ ಬೇಕಾಗಿರುವುದು ಈ ತುದಿಯಿಂದ ಆ ತುದಿಯವರೆಗೆ ಒಂದೇ ದಪ್ಪ ಇರುವ, ಹಿಡಿ ಇಲ್ಲದ, ನೇರವಾದ ಮರದ ಲಟ್ಟಣಿಗೆ. ಒಂದೂವರೆ ಅಡಿ ಉದ್ದ, ಎರಡು ಇಂಚು ದಪ್ಪ ಇದ್ದರೆ ಸಾಕು. ಹಿಡಿ ಬೇಡ ಅಂತ ಯಾಕೆ ಹೇಳುತ್ತೇನೆ ಅಂದರೆ, ಅಂಗೈಯನ್ನು ನೇರವಾಗಿ ಮರದ ಮೇಲೆ ಇಟ್ಟು ಉರುಳಿಸಿದಾಗ ಕೆಳಗೆ ಹಿಟ್ಟು ಎಲ್ಲಿ ದಪ್ಪ ಇದೆ ಅಂತ ಕೈಗೇ ಗೊತ್ತಾಗುತ್ತದೆ. ಹಿಡಿಯಿದ್ದರೆ ಆ ಸೂಚನೆ ಕೈವರೆಗೆ ಬರುವುದಿಲ್ಲ. ಅದೂ ಅಲ್ಲದೆ ಹಿಡಿ ಸೇರುವ ಸಂದಿಯಲ್ಲಿ ಹಿಟ್ಟು ಹೋಗಿ ಕೂತರೆ ತೆಗೆಯುವುದೇ ಒಂದು ಕೆಲಸ.

ಬೆಣ್ಣೆ ಮುದ್ದೆ:

ನಾನು ಮಾರ್ಬಲ್ ಪರ. ಪಫ್ಸ್ ಮಾಡುವ ಆಸೆ ಇದ್ದರೆ ಅದನ್ನೇ ತಗೊಳ್ಳಿ. ಕಲ್ಲು ತಣ್ಣಗಿರುತ್ತದೆ, ಫ್ರಿಜ್‌ನಲ್ಲಿ ಅರ್ಧ ಗಂಟೆ ಇಟ್ಟರೆ ಇನ್ನೂ ತಣ್ಣಗಾಗುತ್ತದೆ, ಬೆಣ್ಣೆ ಕರಗುವುದಿಲ್ಲ. ಭಾರ ಇರುವುದರಿಂದ ನಾವು ಒತ್ತುವುದೂ ಬೇಕಾಗಿಲ್ಲ, ಅದೇ ಕೆಲಸ ಮಾಡಿಕೊಳ್ಳುತ್ತದೆ.

ಹೆಬ್ಬಾಳ ಬ್ಯಾಚ್:

ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಲ್ಲಿ ಬೇಕರಿ ತರಬೇತಿ ಮಾಡಿದವಳು ನಾನು. ಮಾರ್ಬಲ್ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಹತ್ತಿಂಚಿನ ಮಾರ್ಬಲ್ ಲಟ್ಟಣಿಗೆಯೇ 2 ಕೆಜಿ ಹತ್ತಿರ ತೂಗುತ್ತದೆ. ಒಂದೂವರೆ ಅಡಿಯ ಮರದ್ದು 600-700 ಗ್ರಾಂ ಇರುತ್ತದೆ, ಅಷ್ಟೇ. ಪಫ್ಸ್ ಹಿಟ್ಟನ್ನು ಸುಮ್ನೆ ಒಂದು ಸಲ ಲಟ್ಟಿಸಿದರೆ ಮುಗಿಯುವುದಿಲ್ಲ. ಮೂರು ಮಡಿಕೆ ಹಾಕಿ ಲಟ್ಟಿಸಿ, ತಣ್ಣಗೆ ಮಾಡಿ, ಮತ್ತೆ ಮೂರು ಮಡಿಕೆ, ಹೀಗೆ ಆರು ಸಲ. ಅಲ್ಲಿಗೆ ಬೆಣ್ಣೆಯ 729 ಪದರ ಆಗುತ್ತದೆ. ಅಷ್ಟೂ ಹೊತ್ತು 2 ಕೆಜಿ ಎತ್ತಿ ಇಳಿಸುವುದು ಮಣಿಕಟ್ಟಿಗೆ ಸುಲಭ ಅಲ್ಲ. ಭಾರ ಜಾಸ್ತಿಯಾದರೆ ಅಂಚಿನ ಹತ್ತಿರ ಬಂದಾಗ ಕೈ ತಡೆಯುವುದೂ ಕಷ್ಟ, ಪದರಗಳು ಅಂಚಿನಲ್ಲಿ ಜಜ್ಜಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಲ್ಲಿ ಪಫ್ಸ್ ಮೇಲೇಳುವುದಿಲ್ಲ.

ಇನ್ನು ತಣ್ಣಗಿರುವ ವಿಷಯ. ಹಿಟ್ಟು ತಣ್ಣಗಿರಬೇಕು, ಬೆಣ್ಣೆ ತಣ್ಣಗಿರಬೇಕು. ಲಟ್ಟಣಿಗೆಯ ತಂಪು ಅದರ ಮುಂದೆ ಏನೇನೂ ಅಲ್ಲ. ಏಪ್ರಿಲ್ ತಿಂಗಳಲ್ಲಿ ನಮ್ಮ ಅಡುಗೆಮನೆಯೇ 30 ಡಿಗ್ರಿ ಮೇಲಿರುತ್ತದೆ, ಬೆಣ್ಣೆ ಕರಗುವುದು 32-35 ಡಿಗ್ರಿಯಲ್ಲಿ, ಮೆತ್ತಗಾಗುವುದು ಅದಕ್ಕಿಂತ ಎಷ್ಟೋ ಮೊದಲು. ಎರಡು ಮಡಿಕೆಗೊಮ್ಮೆ ಅರ್ಧ ಗಂಟೆ ಫ್ರಿಜ್‌ನಲ್ಲಿಡದೆ ಯಾವ ಲಟ್ಟಣಿಗೆ ಹಿಡಿದರೂ ಬೆಣ್ಣೆ ಹೊರಗೆ ಬರುತ್ತದೆ. ಫ್ರಿಜ್‌ನಿಂದ ತೆಗೆದ ಮಾರ್ಬಲ್‌ಗೆ ಮಳೆಗಾಲದಲ್ಲಿ ನೀರಿನ ಹನಿ ಕೂರುತ್ತದೆ, ಅದೂ ಹಿಟ್ಟಿಗೆ ಒಳ್ಳೆಯದಲ್ಲ. ಬಹಳ ಬೇಕರಿಗಳಲ್ಲಿ ಪಫ್ಸ್‌ಗೆ ಬೆಣ್ಣೆಯ ಬದಲು ಹೆಚ್ಚು ಬಿಸಿ ತಡೆಯುವ ಪಫ್ ಮಾರ್ಗರೀನ್ ಹಾಕುವುದು ಈ ಸೆಕೆಯ ಕಾರಣಕ್ಕೇ. ಮನೆಯಲ್ಲಿ ನಮಗೆ ಬೆಣ್ಣೆಯ ರುಚಿಯೇ ಬೇಕು ಅಲ್ವಾ, ಹಾಗಾದರೆ ಬೆಳಗ್ಗೆ ಬೇಗ ಎದ್ದು ಲಟ್ಟಿಸಿ, ಮಧ್ಯಾಹ್ನ ಬೇಡ.

ಸ್ಟೀಲಿನದೂ ನೋಡಿದ್ದೇನೆ. ತೊಳೆಯಲು ಸುಲಭ, ನೇರವಾಗಿರುತ್ತದೆ. ಆದರೆ ನುಣುಪು ಜಾಸ್ತಿ, ಮೈದಾ ಉದುರಿಸಿದರೆ ಮೈಗೆ ನಿಲ್ಲುವುದಿಲ್ಲ, ಹಿಟ್ಟು ಜಾರುತ್ತದೆ. ಮರದ ಮೈ ಮೈದಾವನ್ನು ತೆಳ್ಳಗೆ ಹಿಡಿದುಕೊಳ್ಳುತ್ತದೆ, ಹಿಟ್ಟು ಅಂಟುವುದಿಲ್ಲ.

ಒಲೆಮುಂದೆ:

ತುಂಬಾ ಥ್ಯಾಂಕ್ಸ್. ಹಾಗಾದರೆ ಮರದ್ದೇ ಸರಿ ಅನ್ನಿಸುತ್ತಿದೆ. ನೇರವಾಗಿ ಉದ್ದಕ್ಕಿರುವುದು ನಮ್ಮೂರಿನ ಪಾತ್ರೆ ಅಂಗಡಿಗಳಲ್ಲಿ ಸಿಗುತ್ತಿಲ್ಲ, ಎಲ್ಲರೂ ಚಪಾತಿಯದನ್ನೇ ತೋರಿಸುತ್ತಾರೆ. ಯಾವ ಮರ ಕೇಳಬೇಕು? ತುದಿಗೆ ಬಳೆ ಹಾಕಿರುವುದು ದಪ್ಪ ಸಮ ಮಾಡುತ್ತದಂತೆ, ಅದು ನಿಜಾನಾ?

ಮರಗೆಲಸ:

ಅಂಗಡಿ ಬಿಡಿ, ಕಡೆತದ ಕೆಲಸ ಮಾಡುವವರ ಹತ್ತಿರ ಹೋಗಿ. ಚನ್ನಪಟ್ಟಣ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು. ಅಲ್ಲಿ ಗೊಂಬೆಗೆ ಬಳಸುವ ಆಲೆ ಮರ ಬಿಳಿ ಬಣ್ಣದ್ದು, ಎಳೆ ನುಣ್ಣಗೆ ಒತ್ತಾಗಿರುತ್ತದೆ, ಲಟ್ಟಣಿಗೆಗೆ ಹೇಳಿ ಮಾಡಿಸಿದ ಹಾಗಿದೆ. ಬಣ್ಣ ಬೇಡ, ಅರಗು ಬೇಡ, ಬರೀ ಕಡೆದು ನಯ ಮಾಡಿ ಕೊಡಿ ಅಂತ ಬಾಯಿಬಿಟ್ಟು ಹೇಳಿ. ಇಲ್ಲದಿದ್ದರೆ ಅಭ್ಯಾಸ ಬಲದಿಂದ ಬಣ್ಣ ಹಚ್ಚಿಯೇ ಕೊಡುತ್ತಾರೆ. ಬೀಟೆ, ಶೀಶಮ್ ಕೂಡ ಗಟ್ಟಿ, ಸ್ವಲ್ಪ ಭಾರ. ತೇಗ ಬಾಳಿಕೆ ಬರುತ್ತದೆ, ಆದರೆ ಅದರ ಮೈಯಲ್ಲಿ ಸಣ್ಣ ಸಣ್ಣ ರಂಧ್ರ ಇರುತ್ತದೆ, ಬೆಣ್ಣೆ ಹಿಟ್ಟು ಅದರೊಳಗೆ ಸೇರುತ್ತದೆ. ಯಾವ ಮರವಾದರೂ ಚೆನ್ನಾಗಿ ಒಣಗಿರಬೇಕು. ಹಸಿ ಮರದಲ್ಲಿ ಮಾಡಿದ್ದು ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಬಾಗುತ್ತದೆ.

ತಗೊಳ್ಳುವ ಮೊದಲು ಗ್ರಾನೈಟ್ ಕಟ್ಟೆ ಮೇಲೋ ಗಾಜಿನ ಮೇಲೋ ಉರುಳಿಸಿ. ಕಣ್ಣನ್ನು ಕಟ್ಟೆಯ ಮಟ್ಟಕ್ಕೆ ತಂದು ಕೆಳಗಿನ ಸಂದಿಯಲ್ಲಿ ಬೆಳಕು ಕಾಣುತ್ತದಾ ನೋಡಿ. ಬೆಳಕು ಒಂದು ಕಡೆ ಬಂದು ಹೋಗಿ ಮಾಡುತ್ತಿದ್ದರೆ ಅದು ಬಾಗಿದೆ ಅಂತಲೇ ಅರ್ಥ, ಬಿಟ್ಟುಬಿಡಿ. ಗಂಟು ಇರುವ ಮರವೂ ಬೇಡ. ಹೊಳೆಯುವ ವಾರ್ನಿಶ್ ಇದ್ದರೆ ಖಂಡಿತ ಬೇಡ, ಅದು ಚಕ್ಕೆ ಏಳುತ್ತದೆ.

ಬಳೆ ಹಾಕಿರುವುದು ನಿಜವಾಗಿಯೂ ಕೆಲಸ ಮಾಡುತ್ತದೆ. ಆದರೆ ಎರಡು ಬಳೆಯ ನಡುವೆ ಎಷ್ಟು ಜಾಗ ಇದೆಯೋ ಅಷ್ಟೇ ಅಗಲಕ್ಕೆ ಲಟ್ಟಿಸಲು ಸಾಧ್ಯ. ಅದರ ಬದಲು ಪ್ಲೈವುಡ್ ಅಂಗಡಿಯಲ್ಲಿ 6 ಮಿಲಿಮೀಟರ್ ಪ್ಲೈವುಡ್‌ನ ಎರಡು ಪಟ್ಟಿ ಕೊಯ್ಯಿಸಿಕೊಳ್ಳಿ, ಅಂಗಡಿಯವರ ಹತ್ತಿರ ತುಂಡು ಬಿದ್ದೇ ಇರುತ್ತದೆ. ಹಿಟ್ಟಿನ ಎರಡೂ ಪಕ್ಕ ಒಂದೊಂದು ಇಡಿ, ಲಟ್ಟಣಿಗೆಯ ಎರಡು ತುದಿ ಪಟ್ಟಿಯ ಮೇಲೆ ಉರುಳಲಿ. ಪಟ್ಟಿ ತಾಗುವವರೆಗೆ ಲಟ್ಟಿಸಿದರೆ ಇಡೀ ಹಾಳೆ 6 ಮಿಲಿಮೀಟರ್, ಒಂದು ಕೂದಲೆಳೆ ಆಚೀಚೆ ಇಲ್ಲ. ಖಾರ ಬಿಸ್ಕತ್ತಿಗೆ ಸರಿಯಾದ ದಪ್ಪ ಅದೇ. ಪ್ಲೈವುಡ್ ಹಿಟ್ಟಿಗೆ ತಾಗದ ಹಾಗೆ ಮೇಲೆ ಕೆಳಗೆ ಬೇಕಿಂಗ್ ಪೇಪರ್ ಹಾಕಿಕೊಳ್ಳಿ.

ಧಾರವಾಡದ ಸೊಸೆ:

ಪೇಪರ್ ಹಾಕಿದರೆ ಮೈದಾ ಉದುರಿಸುವುದೂ ಬೇಡ, ಅದು ದೊಡ್ಡ ಲಾಭ. ಉದುರಿಸಿದ ಮೈದಾ ಹಿಟ್ಟಿಗೆ ಸೇರುತ್ತಾ ಸೇರುತ್ತಾ ಕೊನೆಯ ಬಿಸ್ಕತ್ತುಗಳು ಗಟ್ಟಿಯಾಗುತ್ತವೆ. ಇನ್ನೊಂದು ಮಾತು, ಲಟ್ಟಣಿಗೆಯನ್ನು ನೀರಿನಲ್ಲಿ ನೆನೆಹಾಕಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ತಕ್ಷಣ ಒಣ ಬಟ್ಟೆಯಲ್ಲಿ ಒರೆಸಿ, ನೆರಳಿನಲ್ಲಿ ನಿಲ್ಲಿಸಿ. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಹಚ್ಚಿದರೆ ಕೆಲವೇ ದಿನದಲ್ಲಿ ಕಮಟು ವಾಸನೆ ಬರುತ್ತದೆ, ಆ ವಾಸನೆ ಬಿಸ್ಕತ್ತಿಗೂ ಹತ್ತುತ್ತದೆ. ಆಹಾರಕ್ಕೆ ಬಳಸಬಹುದಾದ ಮಿನರಲ್ ಆಯಿಲ್ ಸಿಕ್ಕರೆ ಅದನ್ನು ಹಚ್ಚಿ, ಸಿಗದಿದ್ದರೆ ಏನೂ ಹಚ್ಚಬೇಡಿ.

ಬೆಣ್ಣೆ ಮುದ್ದೆ:

ಮಣಿಕಟ್ಟಿನ ಮಾತು ಒಪ್ಪಿದೆ. ಆದರೂ ಟಾರ್ಟ್‌ಗೆ, ಸಣ್ಣ ಹಾಳೆಗೆ ಮಾರ್ಬಲ್ ನನಗೆ ಇಷ್ಟವೇ. ಪಫ್ಸ್ ಮಾಡುವವರಿಗೆ ಉದ್ದದ ಮರದ್ದೇ ವಾಸಿ. ಮನೆಯಲ್ಲಿ ಚಿರೋಟಿ ಮಾಡುವವರಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ತುಪ್ಪ, ಅಕ್ಕಿಹಿಟ್ಟು ಸವರಿ ಪದರ ಜೋಡಿಸಿ, ಪದರ ಒಡೆಯದ ಹಾಗೆ ಹಗುರ ಕೈಯಲ್ಲಿ ಲಟ್ಟಿಸುವುದು ಅವರಿಗೆ ಬರುತ್ತದೆ. ಪಫ್ಸ್‌ಗೂ ಅದೇ ಕೈ ಬೇಕು.

ಒಲೆಮುಂದೆ:

ಅತ್ತೆ ಚಿರೋಟಿ ಚೆನ್ನಾಗಿ ಮಾಡುತ್ತಾರೆ, ಕೇಳುತ್ತೇನೆ. ಹದಿನೆಂಟು ಇಂಚಿನ ಆಲೆ ಮರದ್ದು ಮಾಡಿಸುವುದು ಅಂತ ನಿರ್ಧಾರ ಮಾಡಿದೆ.

ಮರಗೆಲಸ:

ಹದಿನೆಂಟು ಅಂತ ಹೇಳುವ ಮೊದಲು ಓಟಿಜಿ ಟ್ರೇ ಅಳೆಯಿರಿ. ಟ್ರೇಯ ಅಗಲ, ಎರಡು ಪಟ್ಟಿ, ಎರಡೂ ತುದಿಯಲ್ಲಿ ಅಂಗೈ ಇಡಲು ಜಾಗ, ಇಷ್ಟು ಸೇರಿಸಿದರೆ ನಿಮಗೆ ಬೇಕಾದ ಉದ್ದ. ಕಟ್ಟೆಯ ಮೇಲೆ ಅಷ್ಟು ಉದ್ದದ್ದು ಗೋಡೆಗೆ ತಾಗದೆ ಉರುಳುತ್ತದಾ ಅಂತಲೂ ಒಂದು ಕೋಲು ಇಟ್ಟು ನೋಡಿಕೊಳ್ಳಿ.