ಒಂದು ರಿಬ್ಬನ್ನಿಗೆ ಇಷ್ಟೊಂದು ರಂಪವೇ?

"ದೊಡ್ಡ ಒಣದ್ರಾಕ್ಷಿಯನ್ನು ಕತ್ತರಿಯಲ್ಲಿ ಎರಡು ಅಥವಾ ಮೂರು ತುಂಡು ಮಾಡಬೇಕು. ಚೆರ್ರಿ ಹಣ್ಣು ನಾಲ್ಕರಿಂದ ಆರು ತುಂಡು. ಬಾದಾಮಿ ಅಡ್ಡಕ್ಕೆ ಮೂರೋ ನಾಲ್ಕೋ. ಎಲ್ಲವೂ ಹೆಚ್ಚುಕಡಿಮೆ ಒಂದೇ ಗಾತ್ರಕ್ಕೆ ಬರಬೇಕು."

ಸುಬ್ಬು ಫೋನ್ ಹಿಡಿದು ಗಟ್ಟಿಯಾಗಿ ಓದುತ್ತಿದ್ದ. ಅವನಿಗೆ ಇದೊಂದು ಚಟ. ಜಗತ್ತಿನ ಯಾವ ಮೂಲೆಯ ನಿಯಮಾವಳಿಯಾದರೂ ಸರಿ, ಓದಿ ನಮ್ಮ ಕಿವಿಗೆ ಹಾಕದಿದ್ದರೆ ಅವನಿಗೆ ತಿಂದದ್ದು ಅರಗುವುದಿಲ್ಲ.

"ಇದೇನು, ಆಪರೇಷನ್ ಥಿಯೇಟರಿನ ಸೂಚನೆಯಾ?" ಎಂದ ಶೀನ.

"ಅಲ್ಲವೋ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಕಡೆ ಸಣ್ಣ ಸಣ್ಣ ಊರುಗಳಲ್ಲಿ ವರ್ಷಕ್ಕೊಮ್ಮೆ ಕೃಷಿ ಮೇಳ ನಡೆಯುತ್ತದೆ. ಅಲ್ಲಿನ ಫ್ರೂಟ್ ಕೇಕ್ ಸ್ಪರ್ಧೆಯ ನಿಯಮ ಇದು. ಎಲ್ಲರಿಗೂ ಒಂದೇ ರೆಸಿಪಿ. ಊರಲ್ಲಿ ಗೆದ್ದವರು ಮುಂದಿನ ಸುತ್ತಿಗೆ ಇನ್ನೊಂದು ಕೇಕ್ ಬೇಯಿಸಬೇಕು. ಅಲ್ಲೂ ಗೆದ್ದರೆ ಸಿಡ್ನಿಯ ರಾಯಲ್ ಈಸ್ಟರ್ ಷೋಗೆ ಮತ್ತೊಂದು."

"ರೆಸಿಪಿ ಒಂದೇ ಆದರೆ ಗೆಲ್ಲುವುದು ಯಾರು? ಒಲೆಯಾ?"

"ಕೈ ಕಣೋ, ಕೈ," ಎಂದರು ಗಿರಿಜಕ್ಕ, ಹೆಣಿಗೆಯಿಂದ ಕಣ್ಣು ತೆಗೆಯದೆ. "ಕೇಕ್ ಆರಲು ಇಡುತ್ತಾರಲ್ಲ, ತಂತಿ ಜಾಲರಿ, ಅದರ ಗೆರೆ ಕೇಕಿನ ಮೇಲೆ ಮೂಡಿದ್ದರೂ ಅಂಕ ಹೋಯಿತು. ನಿನ್ನಂಥವರು ಜಾಲರಿಯನ್ನೇ ಕೇಕಿನ ಜೊತೆ ತಂದು ಇಡುತ್ತೀರಿ."

"ಜಾಮ್ ಕಥೆ ಕೇಳಿ ಅಕ್ಕ," ಎಂದ ಸುಬ್ಬು. "ಬಾಟಲಿಯ ಮೇಲೆ ಯಾವ ಕಂಪನಿಯ ಹೆಸರೂ ಇರಬಾರದು ಎನ್ನುವ ಕಡೆಗಳಿವೆ. ಇಂಗ್ಲೆಂಡಿನ ವಿಕ್ಟೋರಿಯಾ ಸ್ಪಂಜ್ ಕೇಕಿನಲ್ಲಂತೂ ನಡುವೆ ರಾಸ್‌ಬೆರಿ ಜಾಮ್ ಮಾತ್ರ. ಕ್ರೀಮ್ ಹಾಕಿದಿರೋ, ಕೆಳಗಿಳಿಯಿರಿ. ಮೇಲೆ ಸಣ್ಣ ಸಕ್ಕರೆ ಉದುರಿಸಬೇಕು, ಅಷ್ಟೇ."

"ಜಾಸ್ತಿ ರುಚಿ ಮಾಡಿದರೂ ತಪ್ಪು ಎಂದಾಯಿತು," ಎಂದ ಶೀನ. "ಇದನ್ನೆಲ್ಲ ಶುರು ಮಾಡಿದ ಮಹಾನುಭಾವ ಯಾರು?"

ಸುಬ್ಬು ಇದೇ ಪ್ರಶ್ನೆಗೆ ಕಾಯುತ್ತಿದ್ದ. ಫೋನ್ ಕೆಳಗಿಟ್ಟ. ಅವನು ಫೋನ್ ಕೆಳಗಿಟ್ಟ ಎಂದರೆ ಕಥೆ ಉದ್ದ ಇದೆ ಎಂದು ಅರ್ಥ.

"ಅಮೆರಿಕದಲ್ಲಿ ಎಲ್ಕಾನಾ ವಾಟ್ಸನ್ ಅಂತ ಒಬ್ಬ. ವ್ಯಾಪಾರಿ. 1807ರಲ್ಲಿ ಮ್ಯಾಸಚೂಸೆಟ್ಸ್‌ನ ಪಿಟ್ಸ್‌ಫೀಲ್ಡ್ ಊರಿನ ಚೌಕದಲ್ಲಿ, ಮರದ ಕೆಳಗೆ, ಎರಡು ಮೆರಿನೋ ಕುರಿ ತಂದು ನಿಲ್ಲಿಸಿದ. ಒಳ್ಳೆಯ ಉಣ್ಣೆಯ ಜಾತಿ."

"ಆಮೇಲೆ?"

"ಆಮೇಲೇನು, ಜನ ಬಂದು ನೋಡಿದರು."

"ಕುರಿ ನೋಡಲು? ರೈತರೇ? ಬೆಳಗಾದರೆ ಕುರಿ ಮುಖ ನೋಡುವವರು?"

"ಅದೇ ತಮಾಷೆ. ಹೆಂಗಸರೂ ಬಂದರಂತೆ. ಎರಡು ಕುರಿಗೇ ಇಷ್ಟು ಜನ ಬಂದರೆ, ಊರಿನ ಒಳ್ಳೆಯ ದನಕರುಗಳನ್ನೆಲ್ಲ ಒಂದೆಡೆ ಸೇರಿಸಿ ಬಹುಮಾನ ಕೊಟ್ಟರೆ ಎಷ್ಟು ಜನ ಬರಬೇಡ ಎಂದು ಅವನು ಲೆಕ್ಕ ಹಾಕಿದ. 1811ರ ಹೊತ್ತಿಗೆ ಬರ್ಕ್‌ಷೈರ್ ಕೃಷಿ ಸಂಘ ಹುಟ್ಟಿತು, ಮೇಳ ಶುರುವಾಯಿತು. ರಾಜ್ಯ ಮಟ್ಟದ ಮೊದಲ ಮೇಳ 1841ರಲ್ಲಿ, ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ."

"ಕೈಕೆಲಸ ಎಲ್ಲಿಂದ ಬಂತು? ನೀನು ದನದ ಹಿಂದೆಯೇ ಹೋಗಬೇಡ," ಎಂದರು ಗಿರಿಜಕ್ಕ.

"ಬಂದೆ ಅಕ್ಕ. ಆಗ ಬ್ರಿಟನ್ನಿಗೂ ಅಮೆರಿಕಕ್ಕೂ ಜಗಳ. 1812ರಲ್ಲಿ ಯುದ್ಧವೇ ಆಯಿತು. ಅಲ್ಲಿಂದ ಬರುವ ಬಟ್ಟೆ ನಂಬುವ ಹಾಗಿರಲಿಲ್ಲ. ಮನೆಯಲ್ಲೇ ನೂತು ನೇಯ್ದ ಬಟ್ಟೆಗೆ ಬಹುಮಾನ ಕೊಡುತ್ತೇವೆ ಎಂದು ವಾಟ್ಸನ್ ಸಾರಿದ. 1813ರಲ್ಲಿ ಸಭಾಂಗಣದ ತುಂಬಾ ಬಟ್ಟೆ ಬಂತು. ಬಟ್ಟೆ ಮಾಡಿದವರು ಮಾತ್ರ ಬರಲಿಲ್ಲ."

"ಯಾಕೆ?"

"ಸಂಕೋಚ. ಎಲ್ಲರೆದುರು ಹೆಸರು ಕೂಗಿಸಿಕೊಂಡು ಬಹುಮಾನ ತಗೊಳ್ಳುವುದಾ ಎಂದು. ಕೊನೆಗೆ ಆ ಮನುಷ್ಯ ತನ್ನ ಹೆಂಡತಿಯನ್ನೇ ಕರೆಸಿ ಸಭಾಂಗಣದಲ್ಲಿ ಕೂರಿಸಿದ. ಅವರು ಬಂದಿದ್ದಾರೆ ಎಂದು ತಿಳಿದ ಮೇಲೆ ಉಳಿದವರೂ ಬಂದರು."

ಶೀನ ನಕ್ಕ. "ಕುರಿಯೂ ಅವನದೇ, ಉಣ್ಣೆಯ ಉತ್ಸಾಹವೂ ಅವನದೇ. ನೂಲುವುದು, ನೇಯುವುದು, ಆಮೇಲೆ ಬಂದು ನಾಚಿಕೊಳ್ಳುವುದು ಮಾತ್ರ ಹೆಂಗಸರ ಪಾಲಿಗೆ."

"ಆ ನಾಚಿಕೆ ಆ ತಲೆಮಾರಿಗೇ ಮುಗಿಯಿತು ಬಿಡು," ಎಂದರು ಗಿರಿಜಕ್ಕ. "ಈಗ ಬಹುಮಾನದ ರಿಬ್ಬನ್ ತಪ್ಪಿದರೆ ಅಕ್ಕಪಕ್ಕದ ಮನೆಯವರು ವರ್ಷವಿಡೀ ಮಾತು ಬಿಡುತ್ತಾರೆ."

ರಿಬ್ಬನ್ ಎಂದ ಕೂಡಲೇ ಸುಬ್ಬುವಿಗೆ ಮತ್ತೊಂದು ನೆನಪಾಯಿತು. ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ನೀಲಿ, ಎರಡಕ್ಕೆ ಕೆಂಪು, ಮೂರಕ್ಕೆ ಬಿಳಿ. ಬ್ರಿಟನ್ನಿನಲ್ಲಿ ಉಲ್ಟಾ. ಮೊದಲು ಕೆಂಪು, ಆಮೇಲೆ ನೀಲಿ, ಮೂರಕ್ಕೆ ಹಳದಿ. ಕೆನಡಾದವರು ಅಮೆರಿಕದ ಪಕ್ಕದಲ್ಲೇ ಇದ್ದರೂ ಮೊದಲ ಸ್ಥಾನಕ್ಕೆ ಕೆಂಪನ್ನೇ ಹಿಡಿದರು.

"ಹಾಗಾದರೆ ಸುಲಭ," ಎಂದ ಶೀನ. "ಅಮೆರಿಕದಲ್ಲಿ ಎರಡನೇ ಸ್ಥಾನ ಬಂದವನು ಕೆಂಪು ರಿಬ್ಬನ್ ಹಿಡಿದು ಕೆನಡಾ ಗಡಿ ದಾಟಿದರೆ ಆಯಿತು. ಆ ಕಡೆ ಕಾಲಿಟ್ಟ ಕೂಡಲೇ ಫಸ್ಟ್!"

ನನ್ನನ್ನು ಕೇಳಿದರೆ ಇವನ ಜೀವನದ ಎಲ್ಲ ಯೋಜನೆಗಳೂ ಹೀಗೇ ಇರುತ್ತವೆ.

"ನನಗೆ ಬೇಕಿರುವುದು ಬೆಣ್ಣೆ," ಎಂದು ನಾನೂ ಬಾಯಿ ಹಾಕಿದೆ. ಅಯೋವಾ ರಾಜ್ಯದ ಮೇಳದಲ್ಲಿ 1911ರಿಂದ ಬೆಣ್ಣೆಯ ಹಸು ಮಾಡಿ ಇಡುವ ಪದ್ಧತಿ ಇದೆ. ನಿಜವಾದ ಹಸುವಿನ ಗಾತ್ರ. ಒಳಗೆ ಮರ, ತಂತಿಯ ಚೌಕಟ್ಟು, ಮೇಲೆ ಸುಮಾರು 270 ಕಿಲೋ ಬೆಣ್ಣೆ. ತಣ್ಣನೆಯ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ. ಮೇಳ ಮುಗಿದ ಮೇಲೆ ಬೆಣ್ಣೆ ಎತ್ತಿಟ್ಟು ಮುಂದಿನ ವರ್ಷವೂ ಬಳಸುತ್ತಾರೆ.

"ಅಂದರೆ ಈ ವರ್ಷದ ಕಿವಿ ಹೋದ ವರ್ಷದ ಬಾಲ ಆಗಿದ್ದಿರಬಹುದು," ಎಂದ ಶೀನ.

"ಮಿನ್ನೆಸೋಟದ್ದು ಇನ್ನೂ ಮಜಾ," ಎಂದ ಸುಬ್ಬು. "ಹೈನುಗಾರರ ಪರವಾಗಿ ಪ್ರತಿವರ್ಷ ಒಬ್ಬ ಹುಡುಗಿಯನ್ನು ರಾಜಕುಮಾರಿ ಎಂದು ಆರಿಸುತ್ತಾರೆ. 1965ರಿಂದ ಅವಳ ತಲೆಯನ್ನು ಬೆಣ್ಣೆಯಲ್ಲಿ ಕೆತ್ತುತ್ತಾರೆ. ನಲವತ್ತು ಕಿಲೋ ಬೆಣ್ಣೆಯ ಗಟ್ಟಿ. ಫ್ರಿಜ್ಜಿನಂಥ ಗಾಜಿನ ಕೋಣೆ ಸುತ್ತುತ್ತಿರುತ್ತದೆ. ಅವಳು ಬೆಚ್ಚಗೆ ಕೋಟು ತೊಟ್ಟು, ತಲೆಗೆ ಕಿರೀಟ ಇಟ್ಟು ಗಂಟೆಗಟ್ಟಲೆ ಕೂತಿರಬೇಕು. ಕೊನೆಗೆ ತಲೆಯನ್ನು ಮನೆಗೆ ಒಯ್ಯಬಹುದು."

"ಒಯ್ದು?"

"ತಿನ್ನುವುದು. ಜೋಳದ ತೆನೆ ಬೇಯಿಸಿ ಊರವರಿಗೆಲ್ಲ ಬಡಿಸಿದವರೂ ಇದ್ದಾರೆ."

"ಮೊದಲು ಎಲ್ಲಿಗೆ ಚಾಕು ಹಾಕುತ್ತಾರೆ? ಮೂಗಿಗಾ, ಕಿವಿಗಾ?" ಗಿರಿಜಕ್ಕ ಕೇಳಿದ ರೀತಿ ನೋಡಿದರೆ ಅವರಿಗೆ ನಿಜಕ್ಕೂ ಉತ್ತರ ಬೇಕಿತ್ತು. ಯಾರಿಗೂ ಗೊತ್ತಿರಲಿಲ್ಲ. ಸ್ವಂತ ಮೂಗನ್ನು ಮೊದಲು ಸವರಿಕೊಳ್ಳುವ ಧೈರ್ಯ ಯಾರಿಗಿರುತ್ತದೆ ಎಂದು ಸ್ವಲ್ಪ ಹೊತ್ತು ಚರ್ಚೆಯಾಯಿತು.

"ಅದೆಲ್ಲ ಸುಮ್ನೆ ನೋಡಲಿಕ್ಕೆ," ಎಂದು ಅಕ್ಕ ಮಾತು ತಿರುಗಿಸಿದರು. "ನಿಜವಾದ ಯುದ್ಧ ಕೌದಿ, ಕಸೂತಿ, ಹೆಣಿಗೆಯ ವಿಭಾಗದಲ್ಲಿ. ಜಡ್ಜಮ್ಮ ಬರುತ್ತಾಳೆ, ಕೈಗೆ ಬಿಳಿ ಗ್ಲೌಸು. ಮುಂಭಾಗ ಅಷ್ಟೇನೂ ನೋಡುವುದಿಲ್ಲ. ತಿರುಗಿಸಿ ಹಿಂಭಾಗ ನೋಡುತ್ತಾಳೆ. ಗಂಟು ಎಲ್ಲಿದೆ, ದಾರ ಎಲ್ಲಿ ಬಿಟ್ಟಿದ್ದಾರೆ, ಮೂಲೆ ನೇರ ಇದೆಯಾ, ಅಂಚಿನ ಪಟ್ಟಿ ಒಳಗೆ ಟೊಳ್ಳಾ. ಗುರುತಿಗೆ ಹಾಕಿದ ಪೆನ್ಸಿಲ್ ಗೆರೆ ಕಂಡರೆ ಮುಗಿಯಿತು. ಬೆಕ್ಕಿನ ಕೂದಲು ಸಿಕ್ಕರಂತೂ ಕೇಳಲೇಬೇಡಿ."

"ಇಷ್ಟೆಲ್ಲ ಮಾಡಿ ಸಿಗುವುದೇನು?"

"ರಿಬ್ಬನ್. ಜೊತೆಗೆ ಹೆಚ್ಚಿನ ಕಡೆ ನಾಲ್ಕಾರು ಡಾಲರ್."

"ನಾಲ್ಕಾರು ಡಾಲರಿಗೆ ವರ್ಷವಿಡೀ ಕೂತು ಹೊಲಿಯುವುದಾ?" ಶೀನನಿಗೆ ನಿಜವಾಗಿಯೂ ಸಂಕಟವಾಯಿತು. "ದೊಡ್ಡ ಬಹುಮಾನ ಇಡಲಿ. ಆಗ ಇನ್ನೂ ಒಳ್ಳೆಯ ಕೆಲಸ ಬರುತ್ತದೆ."

"ಇಟ್ಟಿದ್ದರು," ಎಂದ ಸುಬ್ಬು.

ಇದು 1933ರ ಮಾತು. ಕೃಷಿ ಮೇಳವಲ್ಲ, ಷಿಕಾಗೋದ ವಿಶ್ವ ಮೇಳ. ಆದರೆ ಕೌದಿ ಕಳಿಸಿದವರಲ್ಲಿ ಊರಿನ ಮೇಳಗಳಲ್ಲಿ ಕೈ ಪಳಗಿಸಿಕೊಂಡವರು ಎಷ್ಟೋ ಮಂದಿ. ಸಿಯರ್ಸ್ ಎಂಬ ದೊಡ್ಡ ಅಂಗಡಿ ಕಂಪನಿ ದೇಶಕ್ಕೆಲ್ಲ ಒಂದು ಕೌದಿ ಸ್ಪರ್ಧೆ ಇಟ್ಟಿತು. ಮೊದಲ ಬಹುಮಾನ ಗೆದ್ದವರಿಗೆ ಒಟ್ಟು 1,200 ಡಾಲರ್ ಸಿಕ್ಕಿತು. ಆಗ ಮಹಾ ಆರ್ಥಿಕ ಕುಸಿತದ ಕಾಲ. ಕೆಲಸವಿಲ್ಲ, ಬ್ಯಾಂಕುಗಳು ಬಾಗಿಲು ಹಾಕಿವೆ. ಜನವರಿಯಲ್ಲಿ ಪ್ರಕಟಣೆ, ಮೇ ತಿಂಗಳಲ್ಲಿ ಕೊನೆಯ ದಿನ. ಅಷ್ಟರೊಳಗೆ ಸುಮಾರು 24,000 ಕೌದಿಗಳು ಬಂದು ಬಿದ್ದವು.

"ವಿಶ್ವ ಮೇಳದ ಹೆಸರು 'ಪ್ರಗತಿಯ ಶತಮಾನ'. ಅದಕ್ಕೇ ಎಷ್ಟೋ ಜನ ಎತ್ತರದ ಕಟ್ಟಡ, ರೈಲು, ವಿಮಾನ ಎಲ್ಲ ಕೌದಿಯಲ್ಲಿ ಹೊಲಿದಿದ್ದರು. ಗೆದ್ದದ್ದು ನಕ್ಷತ್ರದ ವಿನ್ಯಾಸದ ಹಳೆಯ ಮಾದರಿ. ಕೆಂಟಕಿಯ ಒಬ್ಬ ಮಹಿಳೆಯದು."

"ಹೊಲಿಗೆ ಚೆನ್ನಾಗಿದ್ದರೆ ಹಳೆಯದೇ ಗೆಲ್ಲಬೇಕು," ಎಂದರು ಅಕ್ಕ.

"ಹೊಲಿಗೆ ಅದ್ಭುತ. ಆದರೆ ಆಕೆ ಅದರಲ್ಲಿ ಒಂದು ಹೊಲಿಗೆಯನ್ನೂ ಹಾಕಿರಲಿಲ್ಲ."

ಗಿರಿಜಕ್ಕನ ಕೈ ಮೊದಲ ಸಲ ನಿಂತಿತು. "ಏನು?"

"ಅವರದು ಅಂಗಡಿ ಇತ್ತು. ಕೂಲಿ ಕೊಟ್ಟು ಬೇರೆ ಹೆಂಗಸರಿಂದ ಮಾಡಿಸಿದ್ದರು. ನಿಯಮದಲ್ಲಿ ಸ್ವಂತ ಕೆಲಸ ಇರಬೇಕು ಎಂದಿತ್ತು. ಮಾಡಿದವರು ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟರೆ ಆ ಕಾಲದಲ್ಲಿ ಇದ್ದ ಕೆಲಸವೂ ಹೋಗುತ್ತಿತ್ತು. ಬಹುಮಾನದ ದುಡ್ಡಿನಲ್ಲಿ ಅವರಿಗೆ ಪಾಲೂ ಸಿಗಲಿಲ್ಲ. ಎಷ್ಟೋ ದಶಕ ಕಳೆದ ಮೇಲೆ ವಿಷಯ ಹೊರಗೆ ಬಂತು."

"ಆ ಕೌದಿ ಎಲ್ಲಿದೆ ಈಗ?"

"ಅಧ್ಯಕ್ಷರ ಹೆಂಡತಿ ಎಲಿನಾರ್ ರೂಸ್‌ವೆಲ್ಟ್ ಅವರಿಗೆ ಉಡುಗೊರೆ ಕೊಟ್ಟರು. ಆಮೇಲೆ ಪತ್ತೆಯಿಲ್ಲ."

"ನೋಡಿದೆಯಾ ಶೀನ," ಎಂದೆ ನಾನು. "ನಾಲ್ಕಾರು ಡಾಲರ್ ಇಟ್ಟಿದ್ದರೆ ಯಾರೂ ಕೂಲಿ ಕೊಟ್ಟು ಮಾಡಿಸುತ್ತಿರಲಿಲ್ಲ. ಬಹುಮಾನಕ್ಕಿಂತ ಕೂಲಿಯೇ ಜಾಸ್ತಿ ಆಗುತ್ತಿತ್ತು."

"ಅಂದರೆ ಬಹುಮಾನ ಸಣ್ಣದಾಗಿದ್ದರೆ ಅದೇ ಮೋಸಕ್ಕೆ ಬೇಲಿ ಎನ್ನು," ಎಂದ ಶೀನ. ಆದರೆ ಧ್ವನಿ ಸ್ವಲ್ಪ ಇಳಿದಿತ್ತು.

ಸುಬ್ಬು ಆಗ ಡ್ಯಾನಿಷ್ ಪದ್ಧತಿ ಎಂದು ಇನ್ನೊಂದನ್ನು ತೆಗೆದ. ಅಮೆರಿಕದಲ್ಲಿ ಮಕ್ಕಳಿಗೆ ಕೃಷಿ, ಕೈಕೆಲಸ ಕಲಿಸುವ ಫೋರ್ ಎಚ್ ಸಂಘಗಳ ಸ್ಪರ್ಧೆಯಲ್ಲಿ ಇದು ಬಳಕೆಯಲ್ಲಿದೆ. ಒಬ್ಬರ ಕೆಲಸವನ್ನು ಇನ್ನೊಬ್ಬರದರ ಜೊತೆ ಹೋಲಿಸುವುದಿಲ್ಲ. ಒಂದು ಮಟ್ಟ ಗೊತ್ತು ಮಾಡಿರುತ್ತಾರೆ. ಅದನ್ನು ಮುಟ್ಟಿದವರಿಗೆಲ್ಲ ನೀಲಿ ರಿಬ್ಬನ್. ಹತ್ತು ಜನ ಮುಟ್ಟಿದರೆ ಹತ್ತು ನೀಲಿ.

"ಮಕ್ಕಳಿಗೆ ಸರಿ," ಎಂದರು ಗಿರಿಜಕ್ಕ. "ದೊಡ್ಡವರಿಗೆ ಬೇಡಪ್ಪ. ಪಕ್ಕದ ಮನೆಯವಳಿಗೂ ನೀಲಿ, ನನಗೂ ನೀಲಿ ಎಂದರೆ ನಾನು ಯಾಕೆ ಹೊಲಿಯಬೇಕು?"

ಅಕ್ಕನಲ್ಲಿ ನನಗೆ ಇಷ್ಟವಾಗುವುದು ಈ ಪ್ರಾಮಾಣಿಕತೆ.

"ಗಂಡಸರಿಗೆ ಏನೂ ಇಲ್ಲವಾ?" ಎಂದ ಶೀನ.

"ಇದೆ. ಆಸ್ಟ್ರೇಲಿಯಾ, ಬ್ರಿಟನ್ ಎರಡೂ ಕಡೆ ಎಷ್ಟೋ ಮೇಳಗಳಲ್ಲಿ ಗಂಡಸರಿಗೆ ಮಾತ್ರ ಎಂದೇ ಕೇಕಿನ ವಿಭಾಗ ಇದೆ."

"ಓಹೋ! ಪೈಪೋಟಿ ಕಡಿಮೆ ಇರಬೇಕು."

"ಕೇಕ್ ನಿಜವಾಗಿ ಯಾರು ಬೇಯಿಸಿದ್ದು ಎನ್ನುವ ಅನುಮಾನ ಜಾಸ್ತಿ ಇರಬೇಕು," ಎಂದರು ಗಿರಿಜಕ್ಕ.

ಶೀನ ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡ. "ಅಕ್ಕ, ಒಂದು ಮಾತು. ನನ್ನ ಹೆಸರು, ನಿಮ್ಮ ಕೈ. ಬಹುಮಾನದ ದುಡ್ಡಿನಲ್ಲಿ ಅರ್ಧ ನಿಮಗೆ. ಕೆಂಟಕಿಯವರು ಅಷ್ಟೂ ಕೊಡಲಿಲ್ಲ, ನೆನಪಿರಲಿ."

"ದುಡ್ಡು ಪೂರ್ತಿ ನೀನೇ ಇಟ್ಟುಕೋ," ಎಂದರು ಅಕ್ಕ. "ರಿಬ್ಬನ್ ಮಾತ್ರ ನನ್ನ ಮನೆಗೆ ಬರಬೇಕು."

ಶೀನ ಯೋಚಿಸಿದ. ಇಷ್ಟು ಹೊತ್ತು ಯೋಚಿಸಿದ್ದನ್ನು ನಾವು ಯಾರೂ ನೋಡಿರಲಿಲ್ಲ.

"ಅದು ಮಾತ್ರ ಆಗುವುದಿಲ್ಲ ಅಕ್ಕ," ಎಂದ.