ಇ, ಡಿ, ಸಿ, 3 ಒಟ್ಟಿಗೇ ಕೈಕೊಟ್ಟಿವೆ: ಕೀಬೋರ್ಡ್ ಹೋಯ್ತಾ, ಮದರ್‌ಬೋರ್ಡ್ ಹೋಯ್ತಾ?

ಹಳೇಮಷೀನು:
ನನ್ನ ಲ್ಯಾಪ್‌ಟಾಪ್ ಹಳೆಯದು, ವಾರಂಟಿ ಯಾವತ್ತೋ ಮುಗಿದಿದೆ. ಮೊನ್ನೆಯಿಂದ ಇ, ಡಿ, ಸಿ ಮತ್ತು ಮೇಲಿನ ಸಾಲಿನ 3, ಈ ನಾಲ್ಕು ಕೀ ಒತ್ತಿದರೆ ಏನೂ ಬರುತ್ತಿಲ್ಲ. ಉಳಿದವೆಲ್ಲ ಸರಿ ಇವೆ. ಪಾಸ್‌ವರ್ಡ್‌ನಲ್ಲೇ ಇ ಇರುವುದರಿಂದ ಒಳಗೆ ಹೋಗುವುದಕ್ಕೇ ಪರದಾಟ, ಲಾಗಿನ್ ಪರದೆಯ ಮೂಲೆಯಿಂದ ಆನ್‌ಸ್ಕ್ರೀನ್ ಕೀಬೋರ್ಡ್ ತೆಗೆದು ಮೌಸ್‌ನಲ್ಲಿ ಒಂದೊಂದೇ ಅಕ್ಷರ ಒತ್ತುತ್ತಿದ್ದೇನೆ. ಡಿವೈಸ್ ಮ್ಯಾನೇಜರ್‌ನಲ್ಲಿ ಕೀಬೋರ್ಡ್ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದ್ದಾಯಿತು, ಏನೂ ಬದಲಾಗಿಲ್ಲ. ನೀರು ಗೀರು ಚೆಲ್ಲಿಲ್ಲ. ರಿಪೇರಿಯವರೊಬ್ಬರು ತಿರುಗಿಸಿ ಕೂಡ ನೋಡದೆ "ಮದರ್‌ಬೋರ್ಡ್ ಹೋಗಿದೆ" ಅಂದುಬಿಟ್ಟರು. ನಾಲ್ಕು ಕೀಗೆ ಮದರ್‌ಬೋರ್ಡಾ? ಕೀ ಕ್ಯಾಪ್ ಕಿತ್ತು ಒಳಗೆ ಕ್ಲೀನ್ ಮಾಡೋಣ ಅಂತಿದ್ದೇನೆ. ಮಾಡಬಹುದಾ?

ಟೈಪಿಸ್ಟ್:
ಫಿಲ್ಟರ್ ಕೀಸ್ ಆನ್ ಆಗಿದೆಯಾ ನೋಡಿ. ಬಲಗಡೆಯ ಶಿಫ್ಟ್ 8 ಸೆಕೆಂಡ್ ಒತ್ತಿ ಹಿಡಿದರೆ ವಿಂಡೋಸ್ ಅದನ್ನು ಆನ್ ಮಾಡಲಾ ಅಂತ ಕೇಳುತ್ತದೆ, ನಾವು ಗೊತ್ತಿಲ್ಲದೆ ಹೂಂ ಅಂದಿರುತ್ತೇವೆ. ಆಮೇಲೆ ಬೇಗ ಒತ್ತಿಬಿಟ್ಟ ಕೀಗಳನ್ನು ಅದು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ.

ಸ್ಕ್ರೂಡ್ರೈವರ್:
ಫಿಲ್ಟರ್ ಕೀಸ್ ಆಗಿದ್ದರೆ ಎಲ್ಲ ಕೀಗೂ ಅದೇ ಗತಿ ಆಗಬೇಕಿತ್ತು ಅಲ್ವಾ? ಇಲ್ಲಿ ಹೋಗಿರುವ ನಾಲ್ಕನ್ನು ನೋಡಿ. 3, ಅದರ ಕೆಳಗೆ ಇ, ಅದರ ಕೆಳಗೆ ಡಿ, ಅದರ ಕೆಳಗೆ ಸಿ. ಓರೆಯಾಗಿ ಒಂದೇ ಗೆರೆ.

ಕೀಬೋರ್ಡ್‌ನಲ್ಲಿ ಪ್ರತಿ ಕೀಗೂ ಬೇರೆ ವೈರ್ ಇರುವುದಿಲ್ಲ. ಒಳಗೆ ತೆಳು ಪ್ಲಾಸ್ಟಿಕ್ ಹಾಳೆಗಳ ಮೇಲೆ ಅಡ್ಡಗೆರೆ, ಉದ್ದಗೆರೆಗಳಿರುತ್ತವೆ, ಕೀ ಒತ್ತಿದಾಗ ಒಂದು ಅಡ್ಡಗೆರೆ ಒಂದು ಉದ್ದಗೆರೆಗೆ ತಾಗುತ್ತದೆ, ಯಾವ ಎರಡು ತಾಗಿದವು ಅನ್ನುವುದರ ಮೇಲೆ ಅದು ಯಾವ ಕೀ ಅಂತ ಕಂಟ್ರೋಲರ್ ಚಿಪ್‌ಗೆ ಗೊತ್ತಾಗುತ್ತದೆ. 8 ಅಡ್ಡ, 16 ಉದ್ದ ಇದ್ದರೆ 128 ಕೀಗೆ ಸಾಕು, ವೈರ್ ಬರೀ 24. ಹಾಗಾಗಿ ಒಂದೇ ಒಂದು ಗೆರೆ ಕಟ್ ಆದರೂ ಅದರ ಮೇಲಿರುವ ಕೀಗಳೆಲ್ಲ ಒಟ್ಟಿಗೆ ಸಾಯುತ್ತವೆ. ಧೂಳು ಹೀಗೆ ಲೆಕ್ಕ ಹಾಕಿ ಒಂದು ಗೆರೆಯನ್ನು ಹಿಡಿದು ಕೂರುವುದಿಲ್ಲ. ಆದ್ದರಿಂದ ಕೀ ಕ್ಯಾಪ್ ಕೀಳಬೇಡಿ, ಅಡಿಯಲ್ಲಿರುವ ಸಣ್ಣ ಕತ್ತರಿಯಂಥ ಪ್ಲಾಸ್ಟಿಕ್ ಮುರಿದರೆ ಚೆನ್ನಾಗಿರುವ ಕೀಯೂ ಹೋಗುತ್ತದೆ. ಒಂದೇ ಕೀ ಅಂಟಿದಂತಿದ್ದರೆ ಮಾತ್ರ ಅದು ಸರಿ.

ಮೊದಲು ವಿಂಡೋಸ್‌ನ ತಪ್ಪಲ್ಲ ಅಂತ ಖಚಿತ ಮಾಡಿಕೊಳ್ಳಿ. ಬಯೋಸ್‌ಗೆ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್ ಪರದೆ) ಹೋಗಿ, ತಾರೀಖು ಬರೆಯುವ ಜಾಗದಲ್ಲಿ 3 ಒತ್ತಿ, ಸೇವ್ ಮಾಡದೆ ಹೊರಗೆ ಬನ್ನಿ. ಅಲ್ಲೂ 3 ಬರದಿದ್ದರೆ ಡ್ರೈವರ್ (ವಿಂಡೋಸ್‌ನಲ್ಲಿ ಕೀಬೋರ್ಡ್ ನಡೆಸುವ ತಂತ್ರಾಂಶ) ಕಥೆ ಅಲ್ಲಿಗೆ ಮುಗಿಯಿತು, ಬಯೋಸ್‌ಗೆ ವಿಂಡೋಸ್ ಡ್ರೈವರ್ ಬೇಕಾಗಿಲ್ಲ. ಆಗ ಉಳಿಯುವುದು ಕೀಬೋರ್ಡ್ ಹಾಳೆ, ಅದನ್ನು ಮದರ್‌ಬೋರ್ಡ್‌ಗೆ ಸೇರಿಸುವ ಚಪ್ಪಟೆ ರಿಬ್ಬನ್ ಕೇಬಲ್, ಕೇಬಲ್ ಕೂರುವ ಕನೆಕ್ಟರ್, ಕೊನೆಗೆ ಮದರ್‌ಬೋರ್ಡ್ ಮೇಲಿರುವ ಕಂಟ್ರೋಲರ್ ಚಿಪ್. ಮದರ್‌ಬೋರ್ಡ್ ಸಾಧ್ಯವೇ ಇಲ್ಲ ಅನ್ನುವುದಿಲ್ಲ, ಆದರೆ ಇಷ್ಟಕ್ಕೆ ಬೋರ್ಡ್ ಬದಲಿಸಿದರೆ ಮೂಗಿಗಿಂತ ಮೂಗುತಿ ಭಾರ.

ಬಿಚ್ಚುವ ಧೈರ್ಯ ಇದ್ದರೆ ರಿಬ್ಬನ್ ಕೇಬಲ್‌ನಿಂದ ಶುರು ಮಾಡಿ. ಪವರ್ ಆಫ್ ಮಾಡಿ, ಚಾರ್ಜರ್ ಕಿತ್ತು, ಒಳಗೆ ಹೋದ ತಕ್ಷಣ ಬ್ಯಾಟರಿ ಕನೆಕ್ಟರ್ ತೆಗೆಯಿರಿ. ಸ್ಕ್ರೂಗಳನ್ನು ಬಂದ ಜಾಗದ ಪ್ರಕಾರವೇ ಒಂದು ಕಾಗದದ ಮೇಲೆ ಜೋಡಿಸಿಡಿ, ಚಿಕ್ಕದರ ಜಾಗಕ್ಕೆ ಉದ್ದದ್ದು ಹಾಕಿದರೆ ಅದು ಇನ್ನೊಂದು ಕಡೆಯಿಂದ ಎದ್ದು ಬರುತ್ತದೆ. ಕೇಬಲ್ಲನ್ನು ಸುಮ್ನೆ ಎಳೆಯಬೇಡಿ. ಕನೆಕ್ಟರ್‌ಗೆ ಒಂದು ಪುಟ್ಟ ಬೀಗ ಇರುತ್ತದೆ: ಕೆಲವದರಲ್ಲಿ ಉಗುರಿನಿಂದ ಮೇಲಕ್ಕೆ ಎತ್ತಬೇಕು, ಕೆಲವದರಲ್ಲಿ ಎರಡೂ ತುದಿ ಹಿಡಿದು ಚೂರು ಹೊರಗೆ ಜಾರಿಸಬೇಕು. ಬೀಗ ತೆಗೆದ ಮೇಲೆ ಕೇಬಲ್ ಸಲೀಸಾಗಿ ಬರುತ್ತದೆ, ಬರದಿದ್ದರೆ ಬೀಗ ಇನ್ನೂ ತೆಗೆದಿಲ್ಲ ಅಂತಲೇ ಅರ್ಥ.

ಮೌನಿ:
ಬಿಚ್ಚುವ ಮೊದಲು ಇನ್ನೊಂದು ನೋಡಿ. ಟಚ್‌ಪ್ಯಾಡ್ ಅಥವಾ ಕೀಬೋರ್ಡ್‌ನ ಮಧ್ಯಭಾಗ ಸ್ವಲ್ಪ ಉಬ್ಬಿದೆಯಾ? ಮೇಜಿನ ಮೇಲಿಟ್ಟರೆ ಲ್ಯಾಪ್‌ಟಾಪ್ ಅಲ್ಲಾಡುತ್ತಾ? ಉಬ್ಬಿದ್ದರೆ ಅದು ಬ್ಯಾಟರಿ ಊದಿರುವ ಲಕ್ಷಣ. ಆಗ ಚಾರ್ಜ್ ಹಾಕಬೇಡಿ, ಒತ್ತಬೇಡಿ, ಚೂಪಾದದ್ದೇನನ್ನೂ ತಾಗಿಸಬೇಡಿ, ಗೊತ್ತಿರುವವರಿಂದಲೇ ತೆಗೆಸಿ. ಕೀ ವಿಷಯ ಆಮೇಲೆ.

ಹಳೇಮಷೀನು:
ಉಬ್ಬಿಲ್ಲ, ಸಮತಟ್ಟಾಗಿದೆ. ಬಯೋಸ್‌ನಲ್ಲೂ 3 ಬರಲಿಲ್ಲ, 2 ಮತ್ತು 4 ಬಂದವು. ಹಾಗಾಗಿ ಬಿಚ್ಚಿದೆ. ಕೇಬಲ್ ಬೀಗ ಹಾಕಿಯೇ ಇತ್ತು ಆದರೆ ಒಂದು ಕಡೆ ಕೂದಲೆಳೆಯಷ್ಟು ಓರೆ, ಹೊರಗೆ ತೆಗೆದು ಬೆಳಕಿಗೆ ಹಿಡಿದರೆ ತುದಿಯ ಪಟ್ಟಿಗಳಲ್ಲಿ ಒಂದು ಮಾತ್ರ ಮಸುಕಾಗಿ ಕಪ್ಪಗಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಒಣಗಿಸಿ, ನೇರವಾಗಿ ಕೂರಿಸಿ ಬೀಗ ಹಾಕಿದೆ. ಇ, ಡಿ, ಸಿ ಮೂರೂ ಬಂದವು!! 3 ಮಾತ್ರ ಜೋರಾಗಿ ಒತ್ತಿದರೆ ಬರುತ್ತದೆ, ಮೆಲ್ಲಗೆ ಒತ್ತಿದರೆ ಇಲ್ಲ. ಇದನ್ನೇನು ಮಾಡಲಿ?

ಸ್ಕ್ರೂಡ್ರೈವರ್:
ಇ, ಡಿ, ಸಿ ಬಂದಿವೆ ಅಂದರೆ ಗೆರೆ ಸರಿ ಇದೆ, ಈಗ ಉಳಿದಿರುವುದು 3ರದ್ದೇ ಸ್ವಂತ ತೊಂದರೆ. ಅಡಿಯ ರಬ್ಬರ್ ಗುಬ್ಬಿ (ಕೀಯನ್ನು ಮತ್ತೆ ಮೇಲಕ್ಕೆತ್ತುವ ಪುಟ್ಟ ಉಬ್ಬು) ಸೋತಿರಬಹುದು, ಕಸ ಸಿಕ್ಕಿರಲೂಬಹುದು. ಲ್ಯಾಪ್‌ಟಾಪ್ ಓರೆಯಾಗಿ ಹಿಡಿದು ಗಾಳಿ ಊದಿ ನೋಡಿ, ಬಾಯಿಂದ ಬೇಡ, ಎಂಜಲಿನ ತೇವ ಹೋಗುತ್ತದೆ. ಅದಕ್ಕೂ ಬಗ್ಗದಿದ್ದರೆ, ಮೈಕ್ರೋಸಾಫ್ಟ್‌ನ ಉಚಿತ ತಂತ್ರಾಂಶ ಪವರ್‌ಟಾಯ್ಸ್‌ನ ಕೀಬೋರ್ಡ್ ಮ್ಯಾನೇಜರ್‌ನಲ್ಲಿ ನೀವು ಬಳಸದ ಯಾವುದಾದರೂ ಕೀಗೆ 3 ಕೊಟ್ಟುಬಿಡಿ. ಲಾಗಿನ್ ಪರದೆಯಲ್ಲಿ ಅದು ನಡೆಯುವುದಿಲ್ಲ, ಪಿನ್‌ನಲ್ಲಿ 3 ಇದ್ದರೆ ಮೊದಲೇ ಬದಲಿಸಿಕೊಳ್ಳಿ.

ಟೈಪಿಸ್ಟ್:
ಮುಂದೆ ಕೀಬೋರ್ಡೇ ಬದಲಿಸುವುದಾದರೆ ಲ್ಯಾಪ್‌ಟಾಪ್ ಹೆಸರು ನೋಡಿ ತರಿಸಬೇಡಿ, ಕೀಬೋರ್ಡ್ ಬೆನ್ನಿಗೆ ಅಂಟಿಸಿರುವ ಪಾರ್ಟ್ ನಂಬರ್ ನೋಡಿ. ಒಂದೇ ಮಾಡೆಲ್‌ಗೆ ಬೇರೆ ಬೇರೆ ಕೀಬೋರ್ಡ್ ಬಂದಿರುತ್ತವೆ, ಎಂಟರ್ ಕೀ ಆಕಾರ ಬೇರೆ, ಬ್ಯಾಕ್‌ಲೈಟ್ ಇದ್ದರೆ ಇನ್ನೊಂದು ಸಣ್ಣ ಕೇಬಲ್ ಜಾಸ್ತಿ. ಸ್ಕ್ರೂ ಬದಲು ಕರಗಿಸಿದ ಪ್ಲಾಸ್ಟಿಕ್ ಗುಂಡಿಗಳಿಂದ ಕೂರಿಸಿದ್ದರೆ ಮೇಲಿನ ಕವರ್ ಸಮೇತ ತರಿಸುವುದೇ ಸುಲಭ.