ಶಾಖನಿರೋಧಕ ಗ್ಯಾಸ್ಕೆಟ್‌ನಿಂದ ಎಂಜಿನ್ ಸೇದುವ ಗಾಳಿ ತಂಪಾಗುತ್ತದೆಯೇ?

ಪ್ರಶ್ನೆ: ನನ್ನದು 2 ಲೀಟರ್ ಸಾಮರ್ಥ್ಯದ, ಟರ್ಬೊ ಇಲ್ಲದ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಒಯ್ಯುವ ಕೊಳವೆಗಳ ಜೋಡಣೆ) ಅಲ್ಯೂಮಿನಿಯಂನದು. ಇಂಥದೇ ಎಂಜಿನ್ ಇರುವ ಸ್ನೇಹಿತರೊಬ್ಬರು ಮ್ಯಾನಿಫೋಲ್ಡ್ ಮತ್ತು ಸಿಲಿಂಡರ್ ಹೆಡ್‌ಗಳ ನಡುವಿನ ತೆಳು ಗ್ಯಾಸ್ಕೆಟ್ (ಸೋರಿಕೆ ತಡೆಯುವ ಹಾಳೆ) ತೆಗೆದು 3 ಮಿ.ಮೀ. ದಪ್ಪದ ಫಿನಾಲಿಕ್ (ಬೇಕಲೈಟ್ ಬಗೆಯ ಗಟ್ಟಿ ಪ್ಲಾಸ್ಟಿಕ್) ಗ್ಯಾಸ್ಕೆಟ್ ಹಾಕಿಸಿದ್ದಾರೆ. ಮೊದಲು ಕೈ ಸುಡುತ್ತಿದ್ದ ಮ್ಯಾನಿಫೋಲ್ಡನ್ನು ಈಗ ಗಾಡಿ ಓಡಿಸಿ ಬಂದ ತಕ್ಷಣವೂ ಮುಟ್ಟಬಹುದು ಎನ್ನುತ್ತಾರೆ. ಹಾಗಿದ್ದರೆ ಒಳಗಿನ ಗಾಳಿಯೂ ಅಷ್ಟೇ ತಂಪಾಗಿ, ಎಂಜಿನ್ನಿನ ಶಕ್ತಿ ಹೆಚ್ಚುತ್ತದೆಯೇ?

ಉತ್ತರ: ನಿಮ್ಮ ಸ್ನೇಹಿತರು ಕಂಡದ್ದು ನಿಜ, ಆದರೆ ಅದರಿಂದ ನೀವು ತೆಗೆದ ತೀರ್ಮಾನ ಅಷ್ಟು ನಿಜವಲ್ಲ. ಕೈ ಅಳೆಯುವುದು ಲೋಹದ ತಾಪವನ್ನು, ಎಂಜಿನ್ ಸೇದುವುದು ಗಾಳಿಯನ್ನು. ಅಲ್ಲದೆ 60 ಡಿಗ್ರಿಯ ಲೋಹ ಕೈ ಸುಡುತ್ತದೆ, 50 ಡಿಗ್ರಿಯದನ್ನು ಸ್ವಲ್ಪ ಹೊತ್ತು ಹಿಡಿದುಕೊಳ್ಳಬಹುದು. ಹತ್ತು ಡಿಗ್ರಿಯ ಅಂತರ ಕೈಗೆ ಅಜಗಜಾಂತರವಾಗಿ ತೋರುತ್ತದೆ.

ಒಂದು ಒರಟು ಲೆಕ್ಕ ಹಾಕೋಣ. ಹೆಡ್ 95 ಡಿಗ್ರಿ, ಮ್ಯಾನಿಫೋಲ್ಡ್ 55 ಡಿಗ್ರಿ ಸೆಲ್ಸಿಯಸ್, ಎರಡೂ ಕೂಡುವ ಮುಖದ ವಿಸ್ತೀರ್ಣ 100 ಚದರ ಸೆಂ.ಮೀ. ಎಂದಿಟ್ಟುಕೊಳ್ಳಿ. ಸಾಮಾನ್ಯ ನಾರಿನ ಗ್ಯಾಸ್ಕೆಟ್ ಸುಮಾರು 0.8 ಮಿ.ಮೀ. ದಪ್ಪವಿದ್ದರೆ ಅದರ ಮೂಲಕ ಹರಿಯುವ ಶಾಖ ಸುಮಾರು 150 ವ್ಯಾಟ್. ಅದೇ ಬಗೆಯ ವಾಹಕತೆಯ 3 ಮಿ.ಮೀ. ಫಿನಾಲಿಕ್ ಹಾಳೆಯ ಮೂಲಕ ಸುಮಾರು 40 ವ್ಯಾಟ್. ಎಂಟು ಉಕ್ಕಿನ ಬೋಲ್ಟ್‌ಗಳು ಗ್ಯಾಸ್ಕೆಟ್ಟನ್ನು ದಾಟಿ ಹತ್ತು ಹದಿನೈದು ವ್ಯಾಟ್ ಸಾಗಿಸುತ್ತವೆ, ಅದನ್ನು ಯಾವ ಹಾಳೆಯೂ ತಡೆಯುವುದಿಲ್ಲ. ಒಟ್ಟಿನಲ್ಲಿ ಉಳಿತಾಯ ಸುಮಾರು 110 ವ್ಯಾಟ್. ನಿಜದಲ್ಲಿ ಇದಕ್ಕಿಂತ ಕಡಿಮೆಯೇ, ಏಕೆಂದರೆ ಹೆಚ್ಚು ಶಾಖ ಹರಿದಾಗ ಮ್ಯಾನಿಫೋಲ್ಡ್ ಬಿಸಿಯೇರಿ ಆ 40 ಡಿಗ್ರಿಯ ಅಂತರವೇ ಕುಗ್ಗುತ್ತದೆ. ಹೊರಟ ಶಾಖವೆಲ್ಲ ಒಳಗಿನ ಗಾಳಿಗೇ ಸೇರುವುದೂ ಇಲ್ಲ. ಆದರೂ ಗ್ಯಾಸ್ಕೆಟ್ಟಿನ ಪರವಾಗಿಯೇ ಲೆಕ್ಕ ಮುಂದುವರಿಸೋಣ.

ಥ್ರಾಟಲ್ (ಪೆಡಲ್ ಒತ್ತಿದಾಗ ಗಾಳಿಗೆ ದಾರಿ ಬಿಡುವ ಕವಾಟ) ಪೂರ್ತಿ ತೆರೆದು ನಿಮಿಷಕ್ಕೆ 3000 ಸುತ್ತಿನಲ್ಲಿ ನಿಮ್ಮ ಎಂಜಿನ್ ಸೆಕೆಂಡಿಗೆ ಸುಮಾರು 50 ಲೀಟರ್, ಅಂದರೆ ಸುಮಾರು 60 ಗ್ರಾಂ ಗಾಳಿ ಸೇದುತ್ತದೆ. ಒಂದು ಗ್ರಾಂ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಜೂಲ್ ಸಾಕು; ಹಾಗಾಗಿ 110 ವ್ಯಾಟ್ ಉಳಿಸಿದರೆ ಗಾಳಿ ಎರಡು ಡಿಗ್ರಿಗಿಂತಲೂ ಕಡಿಮೆ ತಂಪಾಗುತ್ತದೆ, 6000 ಸುತ್ತಿನಲ್ಲಿ ಒಂದು ಡಿಗ್ರಿಯಷ್ಟು. 40 ಡಿಗ್ರಿಯ ಗಾಳಿ ಎರಡು ಡಿಗ್ರಿ ಇಳಿದರೆ ಸಾಂದ್ರತೆ ಹೆಚ್ಚುವುದು ಶೇ. 0.6ರಷ್ಟು, ಶಕ್ತಿ ಹೆಚ್ಚುವುದು ಬಹುಶಃ ಅದರ ಅರ್ಧ. ಒಂದೇ ಗಾಡಿಯನ್ನು ಡೈನೊ (ಶಕ್ತಿ ಅಳೆಯುವ ಯಂತ್ರ) ಮೇಲೆ ಎರಡು ಬಾರಿ ಓಡಿಸಿದರೆ ಬರುವ ವ್ಯತ್ಯಾಸದಲ್ಲೇ ಇದು ಮುಳುಗಿಹೋಗುತ್ತದೆ.

ಈಗ ಇದೇ ಎಂಜಿನ್ ಹಗುರ ಭಾರದಲ್ಲಿ ಸಮವೇಗದಿಂದ ಓಡುತ್ತಾ ಸೆಕೆಂಡಿಗೆ 12 ಗ್ರಾಂ ಸೇದುತ್ತಿದೆ ಎನ್ನಿ. ಅದೇ 110 ವ್ಯಾಟ್ ಈಗ ಒಂಬತ್ತು ಡಿಗ್ರಿಗೆ ಸಮ! ಬರೀ ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ), ಎರಡು ಮೂರು ಗ್ರಾಂ ಹರಿಯುವಾಗ, ಗಾಳಿಯ ತಾಪ ಬಹುಮಟ್ಟಿಗೆ ಗೋಡೆಯ ತಾಪವನ್ನೇ ಹಿಂಬಾಲಿಸುತ್ತದೆ. ಗ್ಯಾಸ್ಕೆಟ್ ಚೆನ್ನಾಗಿ ಕೆಲಸ ಮಾಡುವುದು ನಿಮಗೆ ಶಕ್ತಿ ಬೇಡವಾದಾಗ. ಶಕ್ತಿ ಬೇಕೆಂದು ಪೆಡಲ್ ಒತ್ತಿದ ಕ್ಷಣ ಗಾಳಿಯ ಪ್ರವಾಹವೇ ಅದರ ಲಾಭವನ್ನು ತೊಳೆದುಬಿಡುತ್ತದೆ.

ಮರುಪ್ರಶ್ನೆ: ಆದರೆ ಸ್ನೇಹಿತರು ಸ್ಕ್ಯಾನರ್ (ಗಾಡಿಯ ಸೆನ್ಸರ್‌ಗಳ ಅಳತೆ ಓದುವ ಸಾಧನ) ಹಾಕಿ ನೋಡಿದಾಗ, ವಾಹನದಟ್ಟಣೆಯಲ್ಲಿ ಒಳಗಾಳಿಯ ತಾಪ ಮೊದಲಿಗಿಂತ 12 ಡಿಗ್ರಿ ಕಡಿಮೆ ಇತ್ತಂತೆ. ಅದೂ ಸುಳ್ಳೇ?

ಉತ್ತರ: ಸುಳ್ಳೆಂದು ಹೇಳುತ್ತಿಲ್ಲ, ಮೇಲಿನ ಲೆಕ್ಕವೇ ದಟ್ಟಣೆಯಲ್ಲಿ ಅಂಥ ಇಳಿಕೆಗೆ ಎಡೆಕೊಡುತ್ತದೆ. ಆದರೆ ಆ ಸೆನ್ಸರ್ ಎಲ್ಲಿದೆ ಎಂದು ಮೊದಲು ನೋಡಿ. ಅದು ಏರ್ ಫಿಲ್ಟರಿನ ಬಳಿ ಇದ್ದರೆ, ಗಾಳಿ ಮ್ಯಾನಿಫೋಲ್ಡ್ ತಲುಪುವ ಮೊದಲೇ ಅಳತೆ ಮುಗಿದಿರುತ್ತದೆ. ಅಲ್ಲಿ ಕಂಡ ಇಳಿಕೆಗೂ ಗ್ಯಾಸ್ಕೆಟ್ಟಿಗೂ ಸಂಬಂಧವಿಲ್ಲ, ಅದು ಬೇರೆ ದಿನದ ಹವೆ. ಮ್ಯಾನಿಫೋಲ್ಡಿಗೇ ತಿರುಪಿ ಕೂರಿಸಿದ ಸೆನ್ಸರ್ ಆಗಿದ್ದರೆ, ಗಾಳಿಯ ಹರಿವು ಮಂದವಾದಾಗ ಅದು ತನ್ನ ಲೋಹದ ಬುಡದ ಬಿಸಿಯನ್ನೂ ಬೆರೆಸಿ ತೋರಿಸುತ್ತದೆ. ನಿಜ ತಿಳಿಯಬೇಕಾದರೆ ಹೆಡ್‌ಗೆ ಸಮೀಪದ ಕೊಳವೆಯ ನಡುವೆ, ಗೋಡೆಗೆ ತಾಗದಂತೆ ಸಣ್ಣ ಮಣಿಯ ಥರ್ಮೊಕಪಲ್ (ತಾಪ ಅಳೆಯುವ ತಂತಿ) ಇಟ್ಟು, ಹೊರಗಿನ ತಾಪವನ್ನೂ ಜೊತೆಗೇ ದಾಖಲಿಸಿ, ಎರಡರ ವ್ಯತ್ಯಾಸವನ್ನು ಮಾತ್ರ ಹೋಲಿಸಬೇಕು.

ಹಾಗೆಂದು ಈ ಇಳಿಕೆ ನಿಷ್ಪ್ರಯೋಜಕವಲ್ಲ. ಸೆನ್ಸರ್ ಬಿಸಿ ತೋರಿಸಿದರೆ ಎಷ್ಟೋ ಎಂಜಿನ್‌ಗಳ ಕಂಪ್ಯೂಟರ್ ನಾಕಿಂಗ್ (ಸಿಲಿಂಡರಿನಲ್ಲಿ ಇಂಧನ ತಾನಾಗಿಯೇ ಸಿಡಿಯುವುದು) ತಪ್ಪಿಸಲು ಕಿಡಿಯ ಸಮಯವನ್ನು ತಡಮಾಡುತ್ತದೆ. ಹೀಗಾಗಿ ದಟ್ಟಣೆಯಲ್ಲಿ ಕಾದು ನಿಂತು ಹೊರಟ ಮೊದಲ ಕೆಲವು ಸೆಕೆಂಡುಗಳಲ್ಲಿ ಗಾಡಿ ಸ್ವಲ್ಪ ಚುರುಕಾಗಿ ತೋರಬಹುದು. ಮೈಲೇಜ್ ಹೆಚ್ಚೀತೆಂದು ಮಾತ್ರ ಎಣಿಸಬೇಡಿ: ಹಗುರ ಭಾರದಲ್ಲಿ ಬಿಸಿ ಗಾಳಿ ಇದ್ದರೆ ಅದೇ ಶಕ್ತಿಗೆ ಥ್ರಾಟಲ್ ಇನ್ನಷ್ಟು ತೆರೆಯಬೇಕಾಗಿ, ಗಾಳಿ ಸೇದುವ ಶ್ರಮ ಕಡಿಮೆಯಾಗುತ್ತದೆ.

ಮತ್ತೊಬ್ಬ ಸದಸ್ಯರ ಪ್ರಶ್ನೆ: ಹಳೆಯ ಎಂಜಿನ್‌ಗಳಲ್ಲಿ ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಕೆಳಗೆ ಕಾರ್ಖಾನೆಯಿಂದಲೇ ದಪ್ಪ ಬೇಕಲೈಟ್ ಬಿಲ್ಲೆ ಬರುತ್ತಿತ್ತಲ್ಲ? ಪ್ರಯೋಜನವಿಲ್ಲದಿದ್ದರೆ ಅದನ್ನೇಕೆ ಹಾಕುತ್ತಿದ್ದರು?

ಉತ್ತರ: ಒಳ್ಳೆಯ ಪ್ರಶ್ನೆ. ಆ ಬಿಲ್ಲೆ ಕಾಯುತ್ತಿದ್ದದ್ದು ಗಾಳಿಯನ್ನಲ್ಲ, ಪೆಟ್ರೋಲನ್ನು. ಬಿಸಿ ಎಂಜಿನ್ ನಿಲ್ಲಿಸಿದಾಗ ಶಾಖ ಮೇಲೇರಿ ಕಾರ್ಬ್ಯುರೇಟರಿನ ಬಟ್ಟಲಿನಲ್ಲಿದ್ದ ಪೆಟ್ರೋಲ್ ಕುದ್ದು ಉಕ್ಕುತ್ತಿತ್ತು, ಮತ್ತೆ ಸ್ಟಾರ್ಟ್ ಮಾಡುವುದು ಕಷ್ಟವಾಗುತ್ತಿತ್ತು. ವಿಚಿತ್ರವೆಂದರೆ, ಪೆಟ್ರೋಲ್ ಚೆನ್ನಾಗಿ ಆವಿಯಾಗಲೆಂದು ಅದೇ ಎಂಜಿನ್‌ಗಳ ಮ್ಯಾನಿಫೋಲ್ಡನ್ನು ಹಲವು ವೇಳೆ ಎಕ್ಸಾಸ್ಟ್ ಶಾಖದಿಂದಲೋ ಬಿಸಿನೀರಿನಿಂದಲೋ ಬೇಕೆಂದೇ ಕಾಯಿಸುತ್ತಿದ್ದರು.

ಮೂಲ ಪ್ರಶ್ನೆ ಕೇಳಿದವರು: ಹಾಗಾದರೆ ನಾನು ಹಾಕಿಸಲೇ, ಬಿಡಲೇ?

ಉತ್ತರ: ಬೇರೆ ಕೆಲಸಕ್ಕೆ ಮ್ಯಾನಿಫೋಲ್ಡ್ ಹೇಗೂ ಬಿಚ್ಚುವುದಿದ್ದರೆ ಹಾಕಿಸಿ; ಇದಕ್ಕಾಗಿಯೇ ಬಿಚ್ಚಿಸುವಷ್ಟು ಬೆಲೆ ಇದಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ. ನಿಮ್ಮ ಮ್ಯಾನಿಫೋಲ್ಡ್ ಅಥವಾ ಥ್ರಾಟಲ್ ಬಾಡಿಯೊಳಗೆ 90 ಡಿಗ್ರಿಯ ಕೂಲಂಟ್ (ಎಂಜಿನ್ ತಣಿಸುವ ದ್ರವ) ಹರಿಯುತ್ತಿದ್ದರೆ, ಮುಂಬಾಗಿಲಿಗೆ ಅಗಳಿ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟಂತೆ. ನೈಲಾನ್ ಮ್ಯಾನಿಫೋಲ್ಡ್ ಇರುವವರಿಗಂತೂ ಇದರ ಮಾತೇ ಬೇಡ, ಆ ಮ್ಯಾನಿಫೋಲ್ಡೇ ಶಾಖನಿರೋಧಕ. ಇದಕ್ಕಿಂತ ಮೊದಲು ಏರ್ ಫಿಲ್ಟರ್ ಗಾಳಿಯನ್ನು ರೇಡಿಯೇಟರಿನ ಹಿಂದಿನಿಂದ ಎಳೆಯುತ್ತಿದೆಯೋ, ಬಾನೆಟ್ಟಿನ ಹೊರಗಿನಿಂದಲೋ ಎಂದು ಪರೀಕ್ಷಿಸಿ. ಅಲ್ಲಿ ಸಿಗುವ ಇಳಿಕೆ ಪೆಡಲ್ ಒತ್ತಿದಾಗಲೂ ಉಳಿಯುತ್ತದೆ.

ಹಾಕಿಸುವುದೇ ಆದರೆ, ದಪ್ಪ ಹೆಚ್ಚಿದಷ್ಟು ಸ್ಟಡ್‌ಗಳ ಎಳೆ ಸಾಕಾಗುತ್ತದೆಯೇ, ಇಂಜೆಕ್ಟರ್ ಮತ್ತು ಕೆಳಗಿನ ಬ್ರಾಕೆಟ್ಟುಗಳು ಸರಿಯಾಗಿ ಕೂರುತ್ತವೆಯೇ ನೋಡಿಕೊಳ್ಳಿ. ಇಂಥ ಹಾಳೆಗಳು ಬಿಸಿಯಲ್ಲಿ ಒತ್ತಡಕ್ಕೆ ಸ್ವಲ್ಪ ಕುಗ್ಗುವುದುಂಟು. ಅದರಿಂದ ಕೆಲವು ಬಾರಿ ಬಿಸಿಯಾಗಿ ತಣಿದ ಮೇಲೆ, ಎಂಜಿನ್ ತಣ್ಣಗಿರುವಾಗ, ಬೋಲ್ಟ್‌ಗಳ ಟಾರ್ಕ್ (ಬಿಗಿತ) ಮತ್ತೊಮ್ಮೆ ಪರೀಕ್ಷಿಸಬೇಕು. ಅಲ್ಲಿ ಗಾಳಿ ಸೋರಿ ಮಿಶ್ರಣ ತೆಳುವಾದರೆ ಐಡಲ್ ನಡುಗುತ್ತದೆ, ಉಳಿಸಿದ ಎರಡು ಡಿಗ್ರಿಗಿಂತ ಹೆಚ್ಚಿನದನ್ನು ಕಳೆದುಕೊಳ್ಳುತ್ತೀರಿ.